ಸಾಫ್ಟ್‌ವೇರ್ ಲೋಕದ ಭರವಸೆಗಳನ್ನು ಪರೀಕ್ಷಿಸುವುದು ಹೇಗೆ: ರಾಯಚೂರು, ಬಳ್ಳಾರಿ, ಕೊಪ್ಪಳದ ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಕೈಪಿಡಿ

ಪದವಿಯ ಕೊನೆಯ ಸೆಮಿಸ್ಟರ್ ಹತ್ತಿರವಾದಂತೆ ನಮ್ಮ ಮೂರು ಜಿಲ್ಲೆಗಳ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಮಗನೋ ಮಗಳೋ ಬಿ.ಇ., ಬಿ.ಸಿ.ಎ. ಅಥವಾ ಡಿಪ್ಲೊಮಾ ಮುಗಿಸುತ್ತಿದ್ದಾರೆ; ಬೆಂಗಳೂರಿನಿಂದಲೋ ಹೈದರಾಬಾದಿನ ಅಮೀರ್‌ಪೇಟೆಯಿಂದಲೋ ತರಬೇತಿ ಸಂಸ್ಥೆಯವರು ಫೋನ್ ಮಾಡಿದ್ದಾರೆ; ಆರು ತಿಂಗಳ ಕೋರ್ಸ್ ಮುಗಿದರೆ ಕೆಲಸ ಖಾತರಿ ಎನ್ನುತ್ತಿದ್ದಾರೆ; ಭತ್ತ ಮಾರಿದ ದುಡ್ಡು ಶುಲ್ಕಕ್ಕೆ ಸಾಲದಿದ್ದರೆ ಕಂತಿನ ವ್ಯವಸ್ಥೆಯನ್ನೂ ಅವರೇ ಮಾಡಿಕೊಡುತ್ತಾರಂತೆ. ಇಂಥ ನಿರ್ಧಾರ ಕೈಗೊಳ್ಳಬೇಕಾದ ತಂದೆತಾಯಿಗಳಲ್ಲಿ ಬಹುಪಾಲು ಜನ ಸಾಫ್ಟ್‌ವೇರ್ ಕಂಪನಿಯ ಒಳಗನ್ನು ಕಂಡವರಲ್ಲ. ಅವರ ಮುಂದಿರುವುದು ಜಾಹೀರಾತು, ಯೂಟ್ಯೂಬಿನ ಯಶಸ್ಸಿನ ಕಥೆಗಳು ಮತ್ತು ಶ್ರೀಮಂತ ಉದ್ಯಮಿಗಳ ಭಾಷಣಗಳು. ಇವುಗಳನ್ನು ಒಪ್ಪುವ ಮೊದಲು ಪರೀಕ್ಷಿಸಿ ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಪ್ರೋಗ್ರಾಮಿಂಗ್ ಕಲಿತು ಬದುಕು ಕಟ್ಟಿಕೊಂಡವರು ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರುಗಳಲ್ಲಿಯೂ ಇದ್ದಾರೆ, ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಇರುವುದು ಭರವಸೆ ಫಲಿಸಿದರೆ ಲಾಭ ಅದನ್ನು ಕೊಟ್ಟವರಿಗೆ, ಫಲಿಸದಿದ್ದರೆ ನಷ್ಟ ಅದನ್ನು ನಂಬಿದವರಿಗೆ ಎಂಬ ಏರ್ಪಾಡಿನ ಬಗ್ಗೆ. ಹಾಗಾಗಿ ಈ ಕ್ಷೇತ್ರದ ಯಾವ ದೊಡ್ಡ ಮಾತು ಕಿವಿಗೆ ಬಿದ್ದರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾತು ಸುಳ್ಳಾದರೆ ಯಾರ ಹಣ ಹೋಗುತ್ತದೆ, ಯಾರ ವರ್ಷಗಳು ಹೋಗುತ್ತವೆ?

ಬಳ್ಳಾರಿ, ಸಂಡೂರು ಭಾಗದವರಿಗೆ ಈ ಪ್ರಶ್ನೆಯ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಸಾಲ ಮಾಡಿ ಲಾರಿ ಕೊಂಡವರು ಇಲ್ಲಿದ್ದರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಬಂದಿತು, ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಲಾರಿಗಳು ನಿಂತವು, ಅವುಗಳ ಮೇಲಿನ ಕಂತು ನಿಲ್ಲಲಿಲ್ಲ. ಸಾಫ್ಟ್‌ವೇರ್ ನೇಮಕಾತಿಯ ಏರಿಳಿತವೂ ಹಾಗೆಯೇ ನಮ್ಮ ಕೈಯಲ್ಲಿಲ್ಲದ ಕಾರಣಗಳನ್ನು ಅವಲಂಬಿಸಿದೆ. ಕೋವಿಡ್ ಕಾಲದಲ್ಲಿ ಎಲ್ಲವೂ ಆನ್‌ಲೈನ್ ಆದಾಗ ಕಂಪನಿಗಳು ಧಾರಾಳವಾಗಿ ಜನರನ್ನು ತೆಗೆದುಕೊಂಡವು. ಅಮೆರಿಕದಲ್ಲಿ ಬಡ್ಡಿದರ ಏರಿ ಹೂಡಿಕೆಯ ಹಣ ಬಿಗಿಯಾದ ಮೇಲೆ 2022ರ ನವೆಂಬರ್‌ನಲ್ಲಿ ಮೆಟಾ 11,000 ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಮಂದಿಯನ್ನು, ಮೈಕ್ರೋಸಾಫ್ಟ್ 10,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿದವು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇ 2ರಷ್ಟನ್ನು, ಅಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಆರು ತಿಂಗಳ ನಂತರದ ಮಾರುಕಟ್ಟೆ ಹೇಗಿರುತ್ತದೆ ಎಂಬುದು ಇಷ್ಟು ದೊಡ್ಡ ಕಂಪನಿಗಳಿಗೇ ಅಂದಾಜಿಗೆ ಸಿಗದಿರುವಾಗ, ಫೋನಿನಲ್ಲಿ ಮಾತನಾಡುವ ಪ್ರತಿನಿಧಿಗೆ ಅದು ಖಾತರಿಯಾಗಿ ತಿಳಿದಿರಲು ಸಾಧ್ಯವಿಲ್ಲ.

ಮಾತನ್ನು ದಿನಾಂಕದೊಂದಿಗೆ ಬರೆದಿಡಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಂತ್ರಜ್ಞಾನದ ಬಗ್ಗೆ ಯಾರಾದರೂ ಭವಿಷ್ಯ ನುಡಿದರೆ ಯಾರು ನುಡಿದರು, ಏನಾಗುತ್ತದೆ ಎಂದರು, ಯಾವ ವರ್ಷದೊಳಗೆ ಎಂದರು, ಅದರಿಂದ ಅವರಿಗೆ ಏನು ಲಾಭ ಎಂಬ ನಾಲ್ಕು ಸಂಗತಿಗಳನ್ನು ಬರೆಯಿರಿ. ಇವುಗಳಲ್ಲಿ ಒಂದಕ್ಕಾದರೂ ಉತ್ತರ ಸಿಗದಿದ್ದರೆ ಆ ಮಾತನ್ನು ನಂಬಿ ಹಣ ಹೂಡಬಾರದು. ಅವಧಿ ಹೇಳದ ಭವಿಷ್ಯವಾಣಿ ಎಂದಿಗೂ ಸುಳ್ಳಾಗುವುದಿಲ್ಲ, ಆ ಕಾರಣಕ್ಕೇ ಅದರಿಂದ ಉಪಯೋಗವೂ ಇಲ್ಲ.

ಅವಧಿ ಹೇಳಿದವುಗಳಲ್ಲಿ ಕೆಲವನ್ನು ನೋಡಿ. ಟೆಸ್ಲಾ ಕಂಪನಿಯ ಇಲಾನ್ ಮಸ್ಕ್ 2016ರಲ್ಲಿ, ಮುಂದಿನ ವರ್ಷದ ಕೊನೆಯೊಳಗೆ ತಮ್ಮ ಕಾರು ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿನವರೆಗೆ ಯಾರೂ ಸ್ಟೀರಿಂಗ್ ಮುಟ್ಟದೆ ತಾನಾಗಿ ಚಲಿಸುತ್ತದೆ ಎಂದರು. 2019ರ ಏಪ್ರಿಲ್‌ನಲ್ಲಿ, ಮರುವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಚಾಲಕರಹಿತ ಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ ಎಂದರು. ಎರಡೂ ಹೇಳಿದ ಅವಧಿಯಲ್ಲಿ ನಡೆಯಲಿಲ್ಲ. ಆಸ್ಟಿನ್ ನಗರದಲ್ಲಿ ಸೀಮಿತ ಪ್ರಮಾಣದ ಟ್ಯಾಕ್ಸಿ ಸೇವೆ ಶುರುವಾದದ್ದೇ 2025ರ ಜೂನ್‌ನಲ್ಲಿ. ಈ ನಡುವಿನ ವರ್ಷಗಳಲ್ಲಿ, ಮುಂದೆ ಬರಲಿರುವ ಆ ಸೌಲಭ್ಯಕ್ಕೆಂದು ಸಾವಿರಾರು ಡಾಲರ್ ಮುಂಗಡವಾಗಿ ತೆತ್ತವರು ಗ್ರಾಹಕರು.

ದೊಡ್ಡ ವಿದ್ವಾಂಸರೂ ಅವಧಿಯ ವಿಷಯದಲ್ಲಿ ಎಡವುತ್ತಾರೆ. ಕೃತಕ ಬುದ್ಧಿಮತ್ತೆಯ ಸಂಶೋಧನೆಗಾಗಿ 2024ರಲ್ಲಿ ನೊಬೆಲ್ ಪಡೆದ ಜೆಫ್ರಿ ಹಿಂಟನ್, ಐದು ವರ್ಷಗಳಲ್ಲಿ ಯಂತ್ರವೇ ಎಕ್ಸ್-ರೇ, ಸ್ಕ್ಯಾನ್‌ಗಳನ್ನು ಇನ್ನೂ ಚೆನ್ನಾಗಿ ಓದಲಿರುವುದರಿಂದ ಹೊಸ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ನೀಡುವುದನ್ನೇ ನಿಲ್ಲಿಸಬೇಕೆಂದು 2016ರಲ್ಲಿ ಹೇಳಿದ್ದರು. ಆ ಮಾತನ್ನು ನಂಬಿ ಅಂದು ಯಾವ ವೈದ್ಯಕೀಯ ವಿದ್ಯಾರ್ಥಿಯಾದರೂ ಆ ವಿಭಾಗವನ್ನು ಬಿಟ್ಟಿದ್ದರೆ ನಷ್ಟ ಆಗುತ್ತಿದ್ದುದು ವಿದ್ಯಾರ್ಥಿಗೆ, ಏಕೆಂದರೆ ರೇಡಿಯಾಲಜಿಸ್ಟ್‌ಗಳಿಗೆ ಬೇಡಿಕೆ ಇಂದಿಗೂ ಇದೆ.

ನಮ್ಮ ಮಕ್ಕಳಿಗೆ ನೇರವಾಗಿ ತಟ್ಟಿದ ಉದಾಹರಣೆ ಬೇರೆ ಇದೆ. 2020ರಲ್ಲಿ ಆರು ವರ್ಷದ ಮಗುವೂ ಕೋಡಿಂಗ್ ಕಲಿಯಲೇಬೇಕು ಎಂಬ ಜಾಹೀರಾತುಗಳು ಟಿ.ವಿ. ಮತ್ತು ಮೊಬೈಲ್ ತುಂಬ ಬಂದವು; ವೈಟ್‌ಹ್ಯಾಟ್ ಜೂನಿಯರ್ ಎಂಬ ಕಂಪನಿಯ ಹಲವು ಜಾಹೀರಾತುಗಳನ್ನು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ ಸೂಚನೆಯ ಮೇರೆಗೆ ಹಿಂಪಡೆಯಬೇಕಾಯಿತು. ನಾಲ್ಕೇ ವರ್ಷದಲ್ಲಿ, 2024ರ ಫೆಬ್ರವರಿಯಲ್ಲಿ, ಎನ್ವಿಡಿಯಾ ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ದುಬೈನ ವೇದಿಕೆಯಲ್ಲಿ, ಇನ್ನು ಮಕ್ಕಳು ಪ್ರೋಗ್ರಾಮಿಂಗ್ ಕಲಿಯುವ ಅಗತ್ಯವೇ ಇರುವುದಿಲ್ಲ ಎಂಬ ಅರ್ಥದಲ್ಲಿ ಮಾತನಾಡಿದರು. ಮೊದಲನೆಯ ಮಾತು ಕೋಡಿಂಗ್ ತರಗತಿ ಮಾರುವವರದು, ಎರಡನೆಯದು ಕೃತಕ ಬುದ್ಧಿಮತ್ತೆಗೆ ಬೇಕಾದ ಚಿಪ್ ಮಾರುವವರದು. ನೋಟ್‌ಬುಕ್ಕಿನ ನಾಲ್ಕನೆಯ ಕಾಲಂ ಇರುವುದು ಇದಕ್ಕಾಗಿಯೇ.

ಶ್ರೀಮಂತರ ಕಥೆಯನ್ನು ಓದುವ ಬಗೆ

ಗ್ಯಾರೇಜಿನಲ್ಲಿ ಶುರುಮಾಡಿದರು, ಕಾಲೇಜು ಬಿಟ್ಟರು, ಛಲದಿಂದ ಗೆದ್ದರು ಎಂಬ ಕಥೆಗಳನ್ನು ಮಕ್ಕಳಿಗೆ ಹೇಳುವಾಗ ಅವುಗಳ ಉಳಿದರ್ಧವನ್ನೂ ಹೇಳಬೇಕು. ಬಿಲ್ ಗೇಟ್ಸ್ ಓದಿದ ಖಾಸಗಿ ಶಾಲೆಯಲ್ಲಿ 1968ರಲ್ಲಿಯೇ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಟರ್ಮಿನಲ್ ಸಿಗುತ್ತಿತ್ತು; ತಂದೆ ಹೆಸರಾಂತ ವಕೀಲರು; ತಾಯಿ ಯುನೈಟೆಡ್ ವೇ ಎಂಬ ರಾಷ್ಟ್ರಮಟ್ಟದ ಸೇವಾಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಐಬಿಎಂ ಮುಖ್ಯಸ್ಥರಾಗಿದ್ದ ಜಾನ್ ಓಪೆಲ್ ಅವರ ಜತೆ ಸದಸ್ಯೆಯಾಗಿದ್ದವರು. ಜೆಫ್ ಬೆಜೋಸ್ ಅವರ ಅಮೆಜಾನಿಗೆ 1995ರಲ್ಲಿ ತಂದೆತಾಯಿಗಳೇ ಸುಮಾರು 2,45,000 ಡಾಲರ್ ಹಾಕಿದ್ದರು. ಇವರ ಬುದ್ಧಿವಂತಿಕೆಯನ್ನೂ ಶ್ರಮವನ್ನೂ ನಾನು ಅಲ್ಲಗಳೆಯುತ್ತಿಲ್ಲ. ಆದರೆ ಸೋತರೂ ಊಟಕ್ಕೆ ತೊಂದರೆಯಿಲ್ಲದ ಮನೆಯಿಂದ ಹೊರಟವರ ಧೈರ್ಯವನ್ನು, ಒಂದು ಬೆಳೆ ಕೈಕೊಟ್ಟರೆ ಚಿನ್ನ ಅಡವಿಡಬೇಕಾದ ಮನೆಯ ಹುಡುಗನಿಗೆ ಮಾದರಿಯಾಗಿ ತೋರಿಸುವುದು ನ್ಯಾಯವಲ್ಲ.

ಈ ಕಥೆಗಳಲ್ಲಿ ಬಿಟ್ಟುಹೋಗುವ ಇನ್ನೊಂದು ಪಾತ್ರ ಸಾರ್ವಜನಿಕ ಹಣದ್ದು. ಅಂತರ್ಜಾಲಕ್ಕೆ ತಳಪಾಯವಾದ ಅರ್ಪಾನೆಟ್ 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಶುರುವಾಯಿತು. ಜಿಪಿಎಸ್ ಕೂಡ ಅಲ್ಲಿನ ಸೇನೆಯ ಯೋಜನೆ. ವರ್ಲ್ಡ್ ವೈಡ್ ವೆಬ್ ಅನ್ನು ಯುರೋಪಿನ ಸರ್ಕಾರಗಳು ನಡೆಸುವ ಸೆರ್ನ್ ಸಂಶೋಧನಾಲಯದಲ್ಲಿ 1989ರಿಂದ ರೂಪಿಸಿ, 1993ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಡಲಾಯಿತು. ನಮ್ಮ ದೇಶದಲ್ಲಿಯೂ ಇನ್ಫೋಸಿಸ್ 1981ರಲ್ಲಿ 10,000 ರೂಪಾಯಿಯಿಂದ ಆರಂಭವಾದದ್ದು ಎಲ್ಲರಿಗೂ ಗೊತ್ತು. 1991ರಲ್ಲಿ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆಯನ್ನು ಕಟ್ಟಿದ್ದು, ಅದರಡಿಯ ಘಟಕಗಳ ರಫ್ತು ಲಾಭಕ್ಕೆ 2011ರ ಮಾರ್ಚ್‌ವರೆಗೂ ಆದಾಯ ತೆರಿಗೆ ವಿನಾಯಿತಿ ಇದ್ದದ್ದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಹಾಗಾಗಿ ಉದ್ಯಮಿಯೊಬ್ಬರು 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಹೇಳಿದಂತೆ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದಾಗ, ಆ ಹೆಚ್ಚುವರಿ ಗಂಟೆಗಳ ಫಲ ಯಾರ ಖಾತೆಗೆ ಸೇರುತ್ತದೆ ಎಂದು ಕೇಳುವುದು ಅವಿನಯವಾಗುವುದಿಲ್ಲ. ಕಂಪನಿಯಲ್ಲಿ ಪಾಲು ಇರುವವರ 70 ಗಂಟೆ ಮತ್ತು ತಿಂಗಳ ಸಂಬಳದವರ 70 ಗಂಟೆ ಒಂದೇ ಅಲ್ಲ.

ಕಂಪನಿಯ 'ಮೌಲ್ಯ' ಎಂದು ಪತ್ರಿಕೆಯಲ್ಲಿ ಬರುವ ಸಂಖ್ಯೆಯನ್ನು ಲಾಭವೆಂದು ತಿಳಿಯಬೇಡಿ. ಹೂಡಿಕೆದಾರರು ಸ್ವಲ್ಪ ಪಾಲನ್ನು ಯಾವ ಬೆಲೆಗೆ ಕೊಂಡರೋ ಅದನ್ನು ಇಡೀ ಕಂಪನಿಗೆ ಗುಣಿಸಿ ಬಂದ ಲೆಕ್ಕ ಅದು. ಆನ್‌ಲೈನ್ ಪಾಠ ಮಾರುತ್ತಿದ್ದ ಬೈಜೂಸ್ ಕಂಪನಿಗೆ 2022ರಲ್ಲಿ 22 ಶತಕೋಟಿ ಡಾಲರ್ ಮೌಲ್ಯವಿತ್ತು. 2024ರ ಜುಲೈನಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಅಮೆರಿಕದ ಥೆರಾನೋಸ್ ಒಂದು ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆಂದು ಹೇಳಿ 9 ಶತಕೋಟಿ ಡಾಲರ್ ಮೌಲ್ಯಕ್ಕೇರಿತು. 2015ರಲ್ಲಿ ಪತ್ರಿಕಾ ವರದಿ ಹೂರಣ ಬಯಲು ಮಾಡಿತು, 2022ರಲ್ಲಿ ಸಂಸ್ಥಾಪಕಿ ಎಲಿಜಬೆತ್ ಹೋಮ್ಸ್ ಅವರಿಗೆ 11 ವರ್ಷಕ್ಕೂ ಹೆಚ್ಚಿನ ಸೆರೆವಾಸವಾಯಿತು. ರಾಯಚೂರಿಗೆ ಹತ್ತಿರದ ಹೈದರಾಬಾದಿನಲ್ಲಿಯೇ ಸತ್ಯಂ ಕಂಪನಿಯ ರಾಮಲಿಂಗ ರಾಜು ಅವರು ಸುಮಾರು 7,000 ಕೋಟಿ ರೂಪಾಯಿಯ ಸುಳ್ಳು ಲೆಕ್ಕವನ್ನು 2009ರ ಜನವರಿ 7ರಂದು ಸ್ವತಃ ಒಪ್ಪಿಕೊಂಡರು. ಅದಕ್ಕೂ ಮುನ್ನ ಅವರಿಗೆ ಸಂದ ಪ್ರಶಸ್ತಿಗಳಿಗೆ ಕೊರತೆಯಿರಲಿಲ್ಲ. ಹಾಗಾಗಿ ಪ್ರಶಸ್ತಿ, ಮೌಲ್ಯ, ಗಣ್ಯರ ಜತೆಗಿನ ಫೋಟೊ ಇವುಗಳನ್ನು ಪುರಾವೆಯ ಪಟ್ಟಿಯಿಂದ ತೆಗೆದುಹಾಕಿ, ಕಂಪನಿ ಗ್ರಾಹಕರಿಂದ ಗಳಿಸುತ್ತಿದೆಯೇ ಅಥವಾ ಹೂಡಿಕೆದಾರರ ಹಣವನ್ನು ಖರ್ಚು ಮಾಡುತ್ತಿದೆಯೇ ಎಂದಷ್ಟೇ ನೋಡಿ.

ಕೆಲಸ ಖಾತರಿ ಎನ್ನುವ ಕೋರ್ಸಿಗೆ ಸಹಿ ಮಾಡುವ ಮುನ್ನ

ನಮ್ಮ ಕುಟುಂಬಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲಿ. ಆದ್ದರಿಂದ ಈ ಭಾಗವನ್ನು ಆತುರವಿಲ್ಲದೆ ಓದಿ, ಸಾಧ್ಯವಾದರೆ ಮನೆಯಲ್ಲಿ ಓದುಬರಹ ಬಲ್ಲ ಇನ್ನೊಬ್ಬರಿಗೂ ಓದಿಸಿ.

ಮೊದಲನೆಯದಾಗಿ, ಒಪ್ಪಂದದ ಪ್ರತಿಯನ್ನು ಮನೆಗೆ ಕೊಡಲು ಕೇಳಿ. ಇಂದು ಸಂಜೆಯೊಳಗೆ ಕಟ್ಟಿದರೆ ಮಾತ್ರ ರಿಯಾಯಿತಿ, ನಾಳೆ ಸೀಟು ಇರುವುದಿಲ್ಲ ಎಂದು ಅವಸರಪಡಿಸುವ ಸಂಸ್ಥೆ, ನೀವು ಯೋಚಿಸುವುದನ್ನು ಬಯಸುವುದಿಲ್ಲ ಎಂದೇ ಅರ್ಥ. ಪ್ರತಿ ಕೈಗೆ ಬಂದ ಮೇಲೆ ಜಾಹೀರಾತಿನ ಮಾತನ್ನೂ ಒಪ್ಪಂದದ ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಜಾಹೀರಾತಿನಲ್ಲಿ ಶೇ 100 ಕೆಲಸ ಎಂದಿರುತ್ತದೆ, ಒಪ್ಪಂದದಲ್ಲಿ ಕೆಲಸ ಹುಡುಕಲು ನೆರವು ಎಂದಷ್ಟೇ ಇರುತ್ತದೆ. ಹಣ ವಾಪಸು ಎಂಬ ಮಾತಿನ ಕೆಳಗೆ ಹಾಜರಾತಿ ಇಷ್ಟಿರಬೇಕು, ಒಳಪರೀಕ್ಷೆಗಳಲ್ಲಿ ಇಷ್ಟು ಅಂಕ ಬರಬೇಕು, ಸೂಚಿಸಿದ ಎಲ್ಲ ಸಂದರ್ಶನಗಳಿಗೂ ಹೋಗಬೇಕು, ಬಂದ ಮೊದಲ ಕೆಲಸವನ್ನು ನಿರಾಕರಿಸಿದರೆ ಹಕ್ಕು ಕಳೆದುಹೋಗುತ್ತದೆ ಎಂಬ ಷರತ್ತುಗಳು ಸಾಲಾಗಿರಬಹುದು. ಬಾಯಿಮಾತಿನಲ್ಲಿ ಕೊಟ್ಟ ಪ್ರತಿಯೊಂದು ಭರವಸೆಯನ್ನೂ ಇ-ಮೇಲ್ ಅಥವಾ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಬರೆದು ಕಳಿಸುವಂತೆ ಕೇಳಿ. ಬರೆಯಲು ಒಪ್ಪದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯದಾಗಿ, ಕೆಲಸ ಸಿಕ್ಕವರ ಫೋಟೊ ತೋರಿಸಿದಾಗ ಅವರ ಜತೆ ಸೇರಿದವರು ಒಟ್ಟು ಎಷ್ಟು ಮಂದಿ ಎಂದು ಕೇಳಿ. ಗೋಡೆಯ ಮೇಲೆ 40 ಮುಖಗಳಿದ್ದರೆ, ಸೇರಿದವರು 50 ಆಗಿದ್ದಾಗ ಅದಕ್ಕೆ ಒಂದು ಅರ್ಥ, 800 ಆಗಿದ್ದಾಗ ಬೇರೆಯೇ ಅರ್ಥ. ಹಿಂದಿನ ಬ್ಯಾಚಿನ, ಜಾಹೀರಾತಿನಲ್ಲಿ ಕಾಣಿಸಿಕೊಳ್ಳದ ಮೂರು ನಾಲ್ಕು ವಿದ್ಯಾರ್ಥಿಗಳನ್ನು ನೀವೇ ಹುಡುಕಿ ಮಾತನಾಡಿಸಿ. ನಿಮ್ಮ ಕಾಲೇಜಿನ ಹಿರಿಯರಲ್ಲಿ ಅಂಥವರು ಸಿಕ್ಕೇ ಸಿಗುತ್ತಾರೆ. ಸಿಕ್ಕ ಕೆಲಸ ಪ್ರೋಗ್ರಾಮಿಂಗಿನದೇ, ಕಾಲ್ ಸೆಂಟರಿನದೇ, ಅಥವಾ ಅದೇ ಸಂಸ್ಥೆಯ ಕೋರ್ಸನ್ನು ಫೋನಿನಲ್ಲಿ ಮಾರುವ ಕೆಲಸವೇ ಎಂದು ಸ್ಪಷ್ಟವಾಗಿ ಕೇಳಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ತರಬೇತಿ ಸಂಸ್ಥೆಗಳು ಆಯ್ಕೆಯ ಬಗ್ಗೆ, ಉದ್ಯೋಗದ ಬಗ್ಗೆ ದಾರಿತಪ್ಪಿಸುವ ಖಾತರಿಗಳನ್ನು ಪ್ರಚಾರ ಮಾಡುವಂತಿಲ್ಲ, ಯಶಸ್ವಿಯಾದವರ ಹೆಸರು ಮತ್ತು ಫೋಟೊವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ. ಈ ಮಾರ್ಗಸೂಚಿಯ ಹೆಸರೆತ್ತಿದರೆ ಎದುರಿಗಿರುವವರ ಮಾತಿನ ಧಾಟಿ ಬದಲಾಗುವುದನ್ನು ನೀವೇ ಗಮನಿಸಬಹುದು.

ಸಂಬಳದ ಲೆಕ್ಕವನ್ನು ತಿಂಗಳಿಗೆ ಇಳಿಸಿ ನೋಡಿ. ವರ್ಷಕ್ಕೆ 3.6 ಲಕ್ಷದ ಪ್ಯಾಕೇಜ್ ಎಂದರೆ ತಿಂಗಳಿಗೆ 30,000. ಅದರಲ್ಲಿ ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲು, ಗ್ರಾಚ್ಯುಟಿ, ವಿಮೆ, ವರ್ಷದ ಕೊನೆಗೆ ಸಿಗಬಹುದಾದ ಅಥವಾ ಸಿಗದಿರಬಹುದಾದ ಬದಲಾಗುವ ಮೊತ್ತ ಎಲ್ಲವೂ ಸೇರಿರಬಹುದು. ಕೈಗೆ ಬರುವುದರಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಓಡಾಟ, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಬಂದುಹೋಗುವ ಖರ್ಚು ಕಳೆಯಿರಿ. ಉಳಿದದ್ದರಲ್ಲಿ ಕೋರ್ಸಿನ ಕಂತು ಕಟ್ಟಲು ಆಗುತ್ತದೆಯೇ ಎಂಬುದು ಸಂಸ್ಥೆಯವರು ನಿಮಗಾಗಿ ಮಾಡಿಕೊಡದ ಲೆಕ್ಕ. 90,000 ರೂಪಾಯಿಯನ್ನು 12 ಕಂತುಗಳಲ್ಲಿ ಕಟ್ಟಬೇಕೆಂದರೆ ಬಡ್ಡಿ ಇಲ್ಲದೆಯೇ ತಿಂಗಳಿಗೆ 7,500 ಆಗುತ್ತದೆ.

ಕಂತಿನ ವಿಷಯವನ್ನು ವಿಶೇಷವಾಗಿ ಹೇಳಬೇಕು. ನೀವು ಸಂಸ್ಥೆಗೆ ಕಂತು ಕಟ್ಟುತ್ತಿದ್ದೀರಿ ಎಂದುಕೊಂಡಿರುತ್ತೀರಿ, ಆದರೆ ಬಹಳ ಕಡೆ ನಡೆಯುವುದು ಬೇರೆ. ಬ್ಯಾಂಕೇತರ ಹಣಕಾಸು ಕಂಪನಿಯೊಂದು ವಿದ್ಯಾರ್ಥಿಯ ಅಥವಾ ತಂದೆಯ ಹೆಸರಿನಲ್ಲಿ ಸಾಲ ಮಂಜೂರು ಮಾಡಿ, ಪೂರ್ತಿ ಮೊತ್ತವನ್ನು ತರಬೇತಿ ಸಂಸ್ಥೆಗೆ ಒಂದೇ ಬಾರಿಗೆ ಕೊಟ್ಟುಬಿಡುತ್ತದೆ. ಆಧಾರ್, ಪ್ಯಾನ್, ಒಂದು ಸೆಲ್ಫಿ, ಎರಡು ಓ.ಟಿ.ಪಿ. ಇಷ್ಟರಲ್ಲಿ ಸಾಲದ ಕೆಲಸ ಮುಗಿದಿರುತ್ತದೆ. ಸಂಸ್ಥೆಗೆ ಅದರ ಹಣ ಸೇರಿಯಾಯಿತು, ಇನ್ನು ಪಾಠ ಸರಿಯಿಲ್ಲದಿದ್ದರೂ, ಬಾಗಿಲೇ ಮುಚ್ಚಿದರೂ ಸಾಲ ನಿಮ್ಮದು, ಕಂತು ತಪ್ಪಿದರೆ ಕುಸಿಯುವ ಸಿಬಿಲ್ ಅಂಕವೂ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ನಿಮ್ಮದೇ. ಮುಂದೆ ಟ್ರ್ಯಾಕ್ಟರ್‌ಗೋ ಮನೆಗೋ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಹೀಗೆ ಸಾಲದ ಮೂಲಕ ಪೋಷಕರಿಗೆ ಕೋರ್ಸ್ ಮಾರಲಾಗುತ್ತಿದೆ ಎಂಬ ಆರೋಪದ ಮೇಲೆ 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಬೈಜೂಸ್ ಮುಖ್ಯಸ್ಥರಿಗೆ ಸಮನ್ಸ್ ನೀಡಿತ್ತು. ಆದ್ದರಿಂದ ಓ.ಟಿ.ಪಿ. ಹೇಳುವ ಮುನ್ನ ಇದು ಸಾಲವೇ, ಕೊಡುವವರು ಯಾರು, ಹಣ ಯಾರ ಖಾತೆಗೆ ಹೋಗುತ್ತದೆ ಎಂದು ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಡಿಜಿಟಲ್ ಸಾಲ ಕೊಡುವವರು ವಾರ್ಷಿಕ ಬಡ್ಡಿ ಮತ್ತು ಎಲ್ಲ ಶುಲ್ಕಗಳನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಮೊದಲೇ ಕೊಡಬೇಕು. ಸಾಲ ಪಡೆದ ಮೇಲೂ ನಿಗದಿತ ಅವಧಿಯೊಳಗೆ ಅಸಲನ್ನೂ ಆ ದಿನಗಳ ಬಡ್ಡಿಯನ್ನೂ ಮರಳಿಸಿ ದಂಡವಿಲ್ಲದೆ ಹೊರಬರುವ ಅವಕಾಶ ಇರಬೇಕು. ಈ ಅವಧಿ ಬಹಳ ಚಿಕ್ಕದಾಗಿರುವುದರಿಂದ ಅದು ಎಷ್ಟು ದಿನ ಎಂಬುದನ್ನು ಪತ್ರದಲ್ಲಿ ಅಂದೇ ನೋಡಿಕೊಳ್ಳಬೇಕು.

ಉಳಿದ ಎಚ್ಚರಿಕೆಗಳನ್ನು ಚುಟುಕಾಗಿ ಹೇಳಬಹುದು. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಡಬಾರದು, ಸಹಿ ಮಾಡಿದ ಖಾಲಿ ಚೆಕ್ ಕೊಡಬಾರದು, ವ್ಯಕ್ತಿಯೊಬ್ಬರ ಫೋನ್‌ಪೇ ಸಂಖ್ಯೆಗೆ ಶುಲ್ಕ ಕಳಿಸಬಾರದು. ಸಂಸ್ಥೆಯ ಬ್ಯಾಂಕ್ ಖಾತೆಗೇ ಕಟ್ಟಿ, ಜಿ.ಎಸ್.ಟಿ. ಸಂಖ್ಯೆಯಿರುವ ರಸೀದಿ ಪಡೆಯಬೇಕು. ಅದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿ ಎಂದು ನೋಂದಣಿಯಾಯಿತು, ಈಗ ಚಾಲ್ತಿಯಲ್ಲಿದೆಯೇ ಎಂದು ಉಚಿತವಾಗಿ ನೋಡಬಹುದು. ಹತ್ತು ವರ್ಷದ ಅನುಭವ ಎನ್ನುವ ಸಂಸ್ಥೆ ಕಳೆದ ವರ್ಷ ನೋಂದಣಿಯಾಗಿದ್ದರೆ ಅಲ್ಲಿಗೇ ಮಾತು ಮುಗಿಯಿತು. ಹಣ ಕೊಟ್ಟರೆ 'ಬ್ಯಾಕ್‌ಡೋರ್' ಕೆಲಸ ಕೊಡಿಸುತ್ತೇವೆ, ಎರಡು ವರ್ಷದ ಅನುಭವ ಪತ್ರ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ. ಕಂಪನಿಗಳು ಭವಿಷ್ಯನಿಧಿಯ ದಾಖಲೆಯನ್ನು ತೆಗೆಸಿ ಹಿನ್ನೆಲೆ ಪರಿಶೀಲಿಸುತ್ತವೆ, ಸುಳ್ಳು ಪತ್ರ ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಖೋಟಾ ದಾಖಲೆ ಬಳಸಿದ ಅಪರಾಧ ವಿದ್ಯಾರ್ಥಿಯ ತಲೆಗೆ ಬರುತ್ತದೆ, ಮಾಡಿಕೊಟ್ಟವನು ಫೋನ್ ಸಂಖ್ಯೆ ಬದಲಿಸಿರುತ್ತಾನೆ.

ಪ್ರೋಗ್ರಾಮಿಂಗ್ ತಮಗೆ ಒಗ್ಗುತ್ತದೆಯೇ ಎಂದು ಹಣವಿಲ್ಲದೆ ತಿಳಿಯುವುದು

ಈ ವಿದ್ಯೆಯ ವಿಶೇಷವೆಂದರೆ ಇದನ್ನು ಕಲಿಯಲು ಬೇಕಾದ ಸಾಮಗ್ರಿಯೆಲ್ಲ ಉಚಿತವಾಗಿದೆ. ಪೈಥಾನ್ ಭಾಷೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಐಐಟಿಗಳ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್ ಮತ್ತು ಸ್ವಯಂ ವೇದಿಕೆಗಳಲ್ಲಿವೆ, ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳೂ ಸಿಗುತ್ತವೆ. ಯಾವ ಕೋರ್ಸಿಗೆ ಹಣ ಕಟ್ಟುವ ಮೊದಲೂ ಎರಡು ತಿಂಗಳು ದಿನಕ್ಕೆ ಒಂದೂವರೆ ಗಂಟೆ ಇವುಗಳೊಂದಿಗೆ ಕಳೆಯಿರಿ. ಕೊನೆಗೆ ನಿಮ್ಮ ಮನೆಗೆ ಉಪಯೋಗವಾಗುವ ಚಿಕ್ಕದೊಂದನ್ನು ಯಾರ ಸಹಾಯವೂ ಇಲ್ಲದೆ ಮಾಡಿ ನೋಡಿ: ಭತ್ತದ ಚೀಲ, ತೂಕ, ದರ, ಹಮಾಲಿ, ದಲಾಲಿ ಹಾಕಿದರೆ ಕೈಗೆ ಬರುವ ಮೊತ್ತ ತೋರಿಸುವ ಪ್ರೋಗ್ರಾಂ ಸಾಕು. ಅದರಲ್ಲಿ ಬರುವ ತಪ್ಪುಗಳನ್ನು ಹುಡುಕಿ ಸರಿಪಡಿಸುವಾಗ ನಿಮಗೆ ಬೇಸರಕ್ಕಿಂತ ಕುತೂಹಲ ಹೆಚ್ಚಾಗಿದ್ದರೆ ಮುಂದುವರಿಯಬಹುದು, ಏಕೆಂದರೆ ಈ ವೃತ್ತಿಯ ದಿನಗಳು ಹೆಚ್ಚಾಗಿ ಕಳೆಯುವುದು ಬೇರೆಯವರು ಬರೆದದ್ದನ್ನು ಓದುವುದರಲ್ಲಿ ಮತ್ತು ತಿದ್ದುವುದರಲ್ಲಿ. ಎರಡು ತಿಂಗಳಲ್ಲಿ ಒಂದು ದಿನವೂ ಮನಸ್ಸು ನಿಲ್ಲದಿದ್ದರೆ ಲಕ್ಷ ರೂಪಾಯಿಯ ಕೋರ್ಸ್ ಆ ಮನಸ್ಸನ್ನು ತಂದುಕೊಡುವುದಿಲ್ಲ.

ಚಾಟ್‌ಜಿಪಿಟಿಯಂಥ ಸಾಧನಗಳು ಕೋಡ್ ಬರೆದುಕೊಡುವುದು ನಿಜ. ಬರೆದುಕೊಟ್ಟದ್ದು ಸರಿಯೇ ಎಂದು ಪರೀಕ್ಷಿಸಬಲ್ಲವರಿಗೆ ಮಾತ್ರ ಅವುಗಳಿಂದ ಲಾಭ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕಲ್ಪಿಸಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ಉಲ್ಲೇಖಿಸಿ ನ್ಯಾಯಾಲಯದಿಂದ 5,000 ಡಾಲರ್ ದಂಡ ತೆತ್ತರು. ಚಾಟ್‌ಜಿಪಿಟಿ ತಯಾರಿಸಿದ ಕಂಪನಿಗೆ ದಂಡ ಬೀಳಲಿಲ್ಲ, ಸಹಿ ಮಾಡಿದವರಿಗೆ ಬಿದ್ದಿತು.

ಜತೆಗೆ ಒಂದು ಮಾತು: ತರಬೇತಿಗೆಂದು ಒಂದು ವರ್ಷ ಮೀಸಲಿಡುವ ಮೊದಲು, ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಇರುವ ಮೀಸಲಾತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಮುಂಚಿತವಾಗಿ ಮಾಡಿಸಿಟ್ಟುಕೊಂಡರೆ ಸರ್ಕಾರಿ ನೇಮಕಾತಿಯ ಅರ್ಜಿ ಕರೆದಾಗ ಓಡಾಟ ತಪ್ಪುತ್ತದೆ.

ಆ್ಯಪ್ ಊರಿನೊಳಗೆ ಬಂದಾಗ

ಸಾಫ್ಟ್‌ವೇರನ್ನು ಪ್ರಶ್ನಿಸಬೇಕಾದ ಸಂದರ್ಭ ಓದಿದವರಿಗಷ್ಟೇ ಬರುವುದಿಲ್ಲ. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕೆಲಸದ ಹಾಜರಾತಿಯನ್ನು ಆ್ಯಪ್‌ನಲ್ಲಿ ದಿನಕ್ಕೆ ಎರಡು ಬಾರಿ ಫೋಟೊ ತೆಗೆದೇ ಹಾಕಬೇಕೆಂಬ ನಿಯಮ ಬಂದಾಗ, ನೆಟ್‌ವರ್ಕ್ ಇಲ್ಲದ ಕೆಲಸದ ಜಾಗಗಳಲ್ಲಿ ಬಿಸಿಲಲ್ಲಿ ಮಣ್ಣು ಹೊತ್ತವರ ದಿನಗೂಲಿ ದಾಖಲಾಗದೆ ಉಳಿಯುವ ಅಪಾಯ ಎದುರಾಯಿತು. ಕಳ್ಳ ಹಾಜರಾತಿ ತಡೆಯುವುದೇ ಉದ್ದೇಶವಾಗಿದ್ದರೂ, ಕೆಲವೆಡೆ ಹಳೆಯ ಫೋಟೊದ ಫೋಟೊ ತೆಗೆದು ಹಾಕುತ್ತಿರುವುದನ್ನು 2025ರಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆಯಲ್ಲಿ ಹೇಳಬೇಕಾಯಿತು.

ಕಂಪ್ಯೂಟರ್ ಹೇಳಿದ್ದೇ ಸರಿ ಎಂಬ ನಂಬಿಕೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣ ಸಾಕ್ಷಿ. ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರಿನ ದೋಷದಿಂದ ಕಂಡ ಕೊರತೆಯನ್ನು ಕಳ್ಳತನವೆಂದು ಭಾವಿಸಿ, 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಉಪ ಅಂಚೆ ಕಚೇರಿಯವರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು ಅಲ್ಲಿನ ಸಂಸತ್ತು 2024ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹಾಗಾಗಿ ಪಡಿತರ ಅಂಗಡಿಯಲ್ಲಿ ಬೆರಳಚ್ಚು ಹೊಂದುತ್ತಿಲ್ಲ, ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ ಎಂದು ಹಿಂದಕ್ಕೆ ಕಳಿಸಿದರೆ, ಅದನ್ನು ಚೀಟಿಯಲ್ಲಿ ಬರೆದುಕೊಡಲು ಕೇಳಿ, ದಿನಾಂಕ ಮತ್ತು ಸಮಯವನ್ನು ಗುರುತಿಟ್ಟುಕೊಳ್ಳಿ, ಪರದೆಯ ಫೋಟೊ ತೆಗೆಯಿರಿ. ಕೂಲಿಗೆ ಹೋದವರು ತಮ್ಮದೇ ಪುಸ್ತಕದಲ್ಲಿ ದಿನದಿನದ ಲೆಕ್ಕ ಬರೆದು ಜತೆಯವರ ಸಹಿ ಹಾಕಿಸಿಟ್ಟರೆ ಪಂಚಾಯಿತಿಯಲ್ಲಿ ವಾದಿಸಲು ಆಧಾರ ಇರುತ್ತದೆ. ತಿರಸ್ಕಾರಕ್ಕೆ ಕಾರಣವೇನೆಂದು ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕಾದದ್ದು ಕಚೇರಿಯ ಕರ್ತವ್ಯ, ಸರ್ವರ್ ಸಮಸ್ಯೆ ಎಂಬುದು ಆ ಕರ್ತವ್ಯದಿಂದ ಬಿಡುಗಡೆ ಕೊಡುವುದಿಲ್ಲ.

ಹಣ ಕೊಟ್ಟಾಗಿದ್ದರೆ

ನಾಚಿಕೆಯಿಂದ ಸುಮ್ಮನಿರಬೇಡಿ, ಮೋಸ ಮಾಡುವವರಿಗೆ ಬೇಕಾಗಿರುವುದೇ ಆ ಮೌನ. ಮೊದಲು ಜಾಹೀರಾತು, ಒಪ್ಪಂದ, ರಸೀದಿ, ಸಂದೇಶಗಳನ್ನೆಲ್ಲ ಮುದ್ರಿಸಿ ಒಂದೆಡೆ ಸೇರಿಸಿ. ಸಂಸ್ಥೆಗೆ ಹಣ ವಾಪಸು ಕೇಳಿ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದು 15 ದಿನ ಗಡುವು ಕೊಡಿ. ಅದೇ ಸಮಯದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಎಷ್ಟೋ ವಿವಾದಗಳು ಈ ಹಂತದಲ್ಲಿಯೇ ಬಗೆಹರಿಯುತ್ತವೆ.

ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಸಂಸ್ಥೆ ಬೆಂಗಳೂರಿನದಾದರೂ ಮಾನ್ವಿಯವರು ರಾಯಚೂರಿನಲ್ಲಿ, ಕುಷ್ಟಗಿಯವರು ಕೊಪ್ಪಳದಲ್ಲಿ ದಾವೆ ಹೂಡಬಹುದು, ಒಪ್ಪಂದದ ಕೊನೆಯಲ್ಲಿ ಬೆಂಗಳೂರು ನ್ಯಾಯಾಲಯ ಮಾತ್ರ ಎಂದು ಬರೆದಿದ್ದರೂ ಹೆದರಿ ಹಿಂದೆಗೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಸಾಲ ಇದ್ದರೆ ಕಂತನ್ನು ಸುಮ್ಮನೆ ನಿಲ್ಲಿಸಿಬಿಡುವುದು ಅಪಾಯಕಾರಿ. ಸಂಸ್ಥೆ ಪಾಠ ನಿಲ್ಲಿಸಿದ ವಿಷಯವನ್ನು ಸಾಲ ಕೊಟ್ಟ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. 30 ದಿನದಲ್ಲಿ ತೃಪ್ತಿಕರ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದರ ಮಾಹಿತಿಗೆ 14448 ಸಂಖ್ಯೆ ಇದೆ. ಸಂಸ್ಥೆಯೇ ನಕಲಿಯಾಗಿದ್ದು, ಕೆಲಸದ ಆಸೆ ತೋರಿಸಿ ಆನ್‌ಲೈನ್‌ನಲ್ಲಿ ಹಣ ಲಪಟಾಯಿಸಿದ್ದರೆ ತಡಮಾಡದೆ ಅದೇ ಗಂಟೆಯಲ್ಲಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುವುದು ಆಗ ಮಾತ್ರ. ಕರೆ ಮಾಡುವಾಗ ಹಣ ಹೋದ ಖಾತೆಯ ವಿವರ, ವಹಿವಾಟಿನ ಸಂಖ್ಯೆ, ಸಮಯ ಕೈಯಲ್ಲಿರಲಿ. ನಂತರ ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿದ ಪ್ರತಿಯನ್ನು ಪಡೆದೇ ಹೊರಬನ್ನಿ.